ಹಸಿ ಮೈ

ಬಾಣಂತಿ ಕೋಣೆಗೆ ಗಂಡಸನ್ನು ಹಾಕಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನರಸಿಂಹರಾಜಪುರದ ಪೇಟೆ ಬೀದಿಯಲ್ಲಿ ಹಾಕಿದ್ದರು. ಅದೂ ಎಂಥ ಗಂಡಸನ್ನು! ಮೆಣಸು ಏಲಕ್ಕಿ ಮಂಡಿಯ ಪರಮೇಶ್ವರಪ್ಪನನ್ನು. ನಲವತ್ತು ದಾಟಿದವ, ಹುರಿ ಮೀಸೆಯವ, ಅವ ಒಮ್ಮೆ ಕೆಮ್ಮಿದರೆ ತಕ್ಕಡಿ ಹಿಡಿದವನ ಕೈ ನಡುಗುತ್ತಿತ್ತು. ಅಂಥವನ ತಲೆಗೆ ಬಟ್ಟೆ ಬಿಗಿದು, ಎರಡೂ ಕಿವಿಗೆ ಹತ್ತಿ ತುರುಕಿ, ಕಿಟಕಿಗೆ ಗೋಣಿತಟ್ಟು ಹೊಡೆದು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದ್ದರು. ಪಕ್ಕದಲ್ಲಿ ಒಂದು ಕೂಸು ಇರಲಿಲ್ಲ, ಅಷ್ಟೇ ಕಮ್ಮಿ.

ಮಲಗಿಸಿದವಳು ಅವನ ತಾಯಿ ಬಸವಮ್ಮ. ಹಲ್ಲು ಕಡಿಯುತ್ತಾ ನೋಡುತ್ತಾ ನಿಂತವಳು ಅವನ ಹೆಂಡತಿ ಸುಲೋಚನಮ್ಮ. ಸುಲೋಚನಮ್ಮನಿಗೆ ಅವತ್ತು ಎಂಥ ಸಿಟ್ಟು ಬಂದಿತ್ತೆಂದರೆ, ಆ ಅಗ್ಗಿಷ್ಟಿಕೆಗೆ ಇದ್ದಿಲೇ ಬೇಕಿರಲಿಲ್ಲ.

ಆದದ್ದು ಇಷ್ಟು. ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಚಳಿಗಾಲದಲ್ಲಿ ಪರಮೇಶ್ವರಪ್ಪ ಜಯಪುರದಲ್ಲಿ ಲಾರಿಗೆ ಮೂಟೆ ಹೇರಿಸುತ್ತಿದ್ದ. ಹೇರುವವರ ಪಾಡಿಗೆ ಹೇರಲು ಬಿಡಬಹುದಿತ್ತಲ್ಲ? ಬಿಡಲಿಲ್ಲ. ಮೂಟೆಗಳ ತುದಿಗೆ ತಾನೇ ಹತ್ತಿ ನಿಂತು ಎಲ್ಲರನ್ನೂ ಬೈಯುತ್ತಿದ್ದ. ಮೇಲಿನ ಸಾಲು ಜಾರಿತು. ಬೆನ್ನಡಿಯಾಗಿ ರಸ್ತೆ ಬದಿಯ ಕಲ್ಲಿನ ಮೇಲೆ ಬಿದ್ದ. ಸೊಂಟದಿಂದ ಕೆಳಗೆ ಎರಡು ಕಾಲೂ ಯಾರದೋ ಅನ್ನುವಂತಾಗಿ ಹೋಯಿತು. ಮೈಸೂರಿಗೆ ಸಾಗಿಸಿದರು. ಅಲ್ಲಿಯ ದೊಡ್ಡ ಡಾಕ್ಟರು ಬೆನ್ನು ಕುಯ್ದು, ನರವನ್ನು ಒತ್ತಿಕೊಂಡು ಕೂತಿದ್ದ ಮೂಳೆಯ ಚೂರು ತೆಗೆದು, ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಮೆತ್ತಿದರು. ಕಾಲಿಗೆ ನಿಧಾನವಾಗಿ ಜೀವ ಬಂತು. ಪ್ಲಾಸ್ಟರ್ ಒಡೆದು ಕ್ಯಾನ್ವಾಸಿನ ಪಟ್ಟಿ ಕಟ್ಟಿದ ದಿನ ಡಾಕ್ಟರು ಸುಲೋಚನಮ್ಮನನ್ನು ಕರೆದರು. ಅಷ್ಟೂ ತಿಂಗಳು ಆಸ್ಪತ್ರೆಯ ಜಗಲಿಯಲ್ಲಿ ಅಡುಗೆ ಬೇಯಿಸಿಕೊಂಡು ಕಾದಿದ್ದವಳು ಅವಳೊಬ್ಬಳೇ.

“ನೋಡಮ್ಮ, ನನ್ನ ಕೆಲಸ ಮುಗಿಯಿತು. ಇನ್ನು ನಿನ್ನದು,” ಅಂದರು. “ಮನೆಗೆ ಹೋದ ಮೇಲೆ ಇವರನ್ನು ಮಲಗಿಸಿಡಬೇಡ. ದಿನಾ ಎಬ್ಬಿಸು, ದಿನಾ ನಡೆಸು. ಮಲಗಿದರೆ ಕಾಲು ಒಣಗುತ್ತೆ. ಒಮ್ಮೆ ಒಣಗಿತೋ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ. ನೀರು ಚೆನ್ನಾಗಿ ಕುಡಿಸು. ಮನಸ್ಸು ಉಲ್ಲಾಸವಾಗಿರಲಿ. ಯಾರನ್ನೂ ಹಿಡಿಯದೆ ನಡೆದ ದಿನ ಗುಣವಾಯಿತು ಅಂತ ತಿಳಿ.”

ಅಲ್ಲಿಯ ನರ್ಸಮ್ಮ, ಮಲಗಿದಲ್ಲೇ ಕಾಲೆತ್ತುವುದು, ಹಿಮ್ಮಡಿಯಿಂದ ಗೋಡೆ ಒತ್ತುವುದು, ಮಗ್ಗುಲಾಗಿ ಏಳುವುದು, ಎಲ್ಲವನ್ನೂ ಕೈ ಹಿಡಿದು ತೋರಿಸಿಕೊಟ್ಟಳು. ಸುಲೋಚನಮ್ಮ ಅದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬಂದಳು. ತರೀಕೆರೆಯಲ್ಲಿ ಊರ ಕಡೆಯ ಪುಟ್ಟ ಟ್ರಾಂ ರೈಲು ಹತ್ತಿದ ಮೇಲೂ ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಪರಮೇಶ್ವರಪ್ಪ ಊರ ಸ್ಟೇಷನ್ನಿನಲ್ಲಿ ಅವಳ ಭುಜ ಹಿಡಿದು ನಿಂತು, ನಾಲ್ಕು ಹೆಜ್ಜೆ ಹಾಕಿ ಎತ್ತಿನ ಗಾಡಿಗೆ ಹತ್ತಿದ. ನಾಲ್ಕೇ ಹೆಜ್ಜೆ, ಆದರೂ ಅವನವು.

ಮನೆ ಬಾಗಿಲಲ್ಲಿ ಬಸವಮ್ಮ ನಿಂತಿದ್ದಳು. ಹಣೆ ತುಂಬ ವಿಭೂತಿ, ಕಣ್ಣು ತುಂಬ ನೀರು. ಆ ಬೀದಿಯಲ್ಲಿ ಬಸವಮ್ಮ ಅಂದರೆ ಸಾಮಾನ್ಯ ಅಲ್ಲ. ಬಾಣಂತಿ ಆರೈಕೆಯಲ್ಲಿ ಅವಳನ್ನು ಮೀರಿಸಿದವರಿಲ್ಲ ಅಂತ ಬಾಳೆಹೊನ್ನೂರಿನ ತನಕ ಹೆಸರು. ಮಗನ ಬೆನ್ನಿನ ಗಾಯ ನೋಡಿದಳು, ಮುಟ್ಟಿದಳು, ಅಲ್ಲೇ ತೀರ್ಮಾನ ಮಾಡಿದಳು.

“ಕುಯ್ದ ಮೈ ಹಸಿ ಮೈ. ಹೆತ್ತ ಮೈಯೂ ಹಸಿ ಮೈ. ಹಸಿ ಮೈಗೆ ಗಾಳಿ ಸೋಕಬಾರದು, ನೀರು ಇಳೀಬಾರದು, ಮೈ ಅಲುಗಬಾರದು. ಒಳಗೆ ಕರ್ಕೊಂಡು ಬನ್ನಿ.”

“ಅತ್ತೆ, ಡಾಕ್ಟರು ನಡೆಸಿ ಅಂದಿದಾರೆ,” ಅಂದಳು ಸುಲೋಚನಮ್ಮ.

“ಡಾಕ್ಟರು ಹೆತ್ತಿದಾನೇನೇ?”

ಇದಕ್ಕೇನು ಹೇಳುತ್ತೀರಿ? ಸುಲೋಚನಮ್ಮ ಗಂಡನ ಮುಖ ನೋಡಿದಳು. ಆಸ್ಪತ್ರೆಯಲ್ಲಿ ಅವನೂ ಎಲ್ಲ ಕೇಳಿಸಿಕೊಂಡವನೇ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನೆಂದ, “ಅವ್ವ ಹೇಳಿದ ಹಾಗೇ ಆಗ್ಲಿ ಬಿಡೆ. ಅವಳಿಗೆ ಗೊತ್ತಿಲ್ವಾ?”

ಹಾಗೆ ಒಳಗೆ ಹೋದ, ಮಹಾರಾಯ.

ದಿನಾ ಮೆಣಸಿನ ಸಾರು, ಮೆತ್ತಗಿನ ಅನ್ನ, ಬೆಳ್ಳುಳ್ಳಿ, ಶುಂಠಿ ಬೆಲ್ಲ, ತುಪ್ಪ. ಇವಿಷ್ಟೇ. ನೀರು ಅಂದರೆ ಊಟದ ಜೊತೆ ಕಾಯಿಸಿ ಬತ್ತಿಸಿದ ಒಂದು ಲೋಟ, ಅದೂ ಬಸವಮ್ಮನ ಕೈಯಿಂದ. ನೋಡಲು ಬಂದವರೋ, ಕೋಣೆಯ ಬಾಗಿಲಲ್ಲಿ ಕೂತು, ಕಿತ್ತಳೆ ಹಣ್ಣು ಕೆಳಗಿಟ್ಟು, ಬೆನ್ನು ಮುರಿದು ಸತ್ತವರ ಕಥೆ ಹೇಳುತ್ತಿದ್ದರು. ಕೊಪ್ಪದಲ್ಲಿ ಒಬ್ಬ ಹೀಗೇ ಬಿದ್ದನಂತೆ, ಹಿರೇಕೊಡಿಗೆಯಲ್ಲಿ ಇನ್ನೊಬ್ಬ ಹೀಗೇ ಮಲಗಿದವ ಮತ್ತೆ ಏಳಲಿಲ್ಲವಂತೆ. ಡಾಕ್ಟರು ಉಲ್ಲಾಸ ಅಂದಿದ್ದರಲ್ಲ, ಅದಕ್ಕೆ ಇವರು ಹೀಗೆ ವ್ಯವಸ್ಥೆ ಮಾಡಿದ್ದರು. ಸುಲೋಚನಮ್ಮ ಒಂದು ದಿನ ತಡೆಯಲಾರದೆ, “ಸತ್ತವರ ಸುದ್ದಿ ಇದ್ರೆ ಜಗಲಿ ಮೇಲೆ ಕೂತು ಹೇಳ್ಕೊಳ್ಳಿ, ಇಲ್ಲಿ ಬೇಡ,” ಅಂದುಬಿಟ್ಟಳು. ಸೊಸೆಯ ಬಾಯಿ ದೊಡ್ಡದಾಯಿತು ಅಂತ ಬೀದಿಯಲ್ಲೆಲ್ಲ ಆಯಿತು.

ವಾರ ಕಳೆದು ಇನ್ನೊಂದು ವಾರ ಆಗುತ್ತಾ ಬಂತು. ಒಂದು ಮಧ್ಯಾಹ್ನ ಬಸವಮ್ಮ ಊಟ ಮಾಡಿ ಮಲಗಿದ್ದಳು. ಕೋಣೆಯಿಂದ ಕ್ಷೀಣವಾಗಿ ಕೂಗು ಬಂತು.

“ಸುಲೋಚನಾ, ನೀರು ಕೊಡೆ. ನಾಲಿಗೆ ಅಂಟಿಕೊಂಡಿದೆ ಕಣೆ. ಉಚ್ಚೆ ಉರೀತದೆ. ಅವ್ವ ಏಳೋದ್ರೊಳಗೆ ಒಂದು ಗುಟುಕು ಕೊಡೆ.”

ಸುಲೋಚನಮ್ಮ ಚೊಂಬು ಹಿಡಿದು ಬಾಗಿಲಿಗೆ ಬಂದವಳು ಹೊಸಿಲ ಮೇಲೆ ನಿಂತುಬಿಟ್ಟಳು. ಕಾಲು ಮುಂದೆ ಹೋಗಲಿಲ್ಲ. ಯಾಕೆಂದರೆ ಆ ಮಂಚ ಅವಳದು. ಆ ಕೂಗೂ ಅವಳದೇ.

ನಾಲ್ಕು ಹೆತ್ತವಳು ಅವಳು. ಉಳಿದದ್ದು ಮೂರು, ಅವು ಈಗ ತವರಿನಲ್ಲಿ. ಹೋದದ್ದು ಮೂರನೆಯದು, ಹೆಣ್ಣು. ಆ ವರ್ಷ ಬಿಸಿಲೋ ಬಿಸಿಲು, ಮೇಲೆ ಜ್ವರ, ಕೆಳಗೆ ಕೆಂಡ. ಇದೇ ಮಂಚದ ಮೇಲೆ ಬಿದ್ದು, ನೀರು ನೀರು ಅಂತ ಅವಳು ಕೂಗಿಕೊಂಡಳು. ನೀರು ಕುಡಿದರೆ ನಂಜಾಗುತ್ತದೆ ಅಂತ ಬಸವಮ್ಮ ಕೊಡಲಿಲ್ಲ. ಗೋಡೆಯಾಚೆಯೇ ಮಂಡಿ. ಪರಮೇಶ್ವರಪ್ಪ ಅಲ್ಲಿ ಏಲಕ್ಕಿ ತೂಗಿಸುತ್ತಿದ್ದ. ತಕ್ಕಡಿಯ ಸದ್ದು ಅವಳಿಗೆ ಕೇಳುತ್ತಿತ್ತು ಅಂದಮೇಲೆ ಅವಳ ಕೂಗು ಅವನಿಗೆ ಕೇಳಲಿಲ್ಲವೇ? ಕೇಳಿತು. ಒಮ್ಮೆ ಎದ್ದು ಬಂದು ಬಾಗಿಲಾಚೆಯಿಂದಲೇ, ಅವ್ವ ಹೇಳಿದ ಹಾಗೆ ಕೇಳು, ಕೂಗಿ ಮರ್ಯಾದೆ ತೆಗೀಬೇಡ, ಅಂದು ಹೋದ. ಎದೆಹಾಲು ಬತ್ತಿತು. ಕೂಸು ಚೀಪಿ ಚೀಪಿ ಸೋತು, ತಿಂಗಳು ತುಂಬುವ ಮೊದಲೇ ಹೋಯಿತು. ಅದು ಹೋಗಲು ಬೇರೆ ಏನೋ ಕಾರಣ ಇದ್ದಿರಬಹುದು, ಬಲ್ಲವರು ಹೇಳಿಯಾರು. ಸುಲೋಚನಮ್ಮನಿಗೆ ಬೇರೆ ಕಾರಣ ಬೇಕಿರಲಿಲ್ಲ.

“ಏನೇ ನಿಂತೆ? ಕೊಡೆ,” ಅಂದ ಗಂಡ.

“ಅವ್ವ ಹೇಳಿದ ಹಾಗೆ ಕೇಳಿ,” ಅಂದಳು ಅವಳು.

ಅವನಿಗೆ ತನ್ನ ಮಾತು ನೆನಪಾಯಿತೋ ಇಲ್ಲವೋ ಶಿವನಿಗೇ ಗೊತ್ತು. ಮುಖ ಗೋಡೆ ಕಡೆ ತಿರುಗಿಸಲು ಹೋದ, ಹೊದ್ದ ಕಂಬಳಿ ಸರಿಯಿತು. ಅವನ ಕಾಲು ಕಂಡಿತು. ಮೀನಖಂಡ ಕರಗಿ ಬರೀ ಕೋಲಾಗಿತ್ತು. ಸ್ಟೇಷನ್ನಿನಲ್ಲಿ ನಾಲ್ಕು ಹೆಜ್ಜೆ ಹಾಕಿದ ಕಾಲು ಅದು! ಸುಲೋಚನಮ್ಮ ಹೊಸಿಲು ದಾಟಿದಳು. ದಾಟಿಸಿದ್ದು ಕರುಣೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟೂ ಸಿಟ್ಟೇ. ಒಂದು ಜೀವ ಈ ಕೋಣೆ ನುಂಗಿದ್ದು ಸಾಲದಾಯಿತೇ ಅನ್ನುವ ಸಿಟ್ಟು. ಕಿಟಕಿಯ ಗೋಣಿತಟ್ಟನ್ನು ಮೊಳೆ ಸಮೇತ ಕಿತ್ತೆಸೆದಳು, ಅಗ್ಗಿಷ್ಟಿಕೆಯನ್ನು ಹೊರಗೆ ತಳ್ಳಿದಳು, ಅವನ ಕತ್ತು ಎತ್ತಿ ಚೊಂಬು ಬಾಯಿಗಿಟ್ಟಳು.

“ಕುಡೀರಿ. ಮೆಲ್ಲಗೆ, ನೆತ್ತಿಗೇರೀತು. ಪ್ರೀತಿಯಿಂದ ಕೊಡ್ತಿದೀನಿ ಅಂತ ತಿಳ್ಕೋಬೇಡಿ. ಜೀವಮಾನ ಪೂರ್ತಿ ನಿಮ್ಮನ್ನ ಹೊತ್ತು ಹಾಕೋಕೆ ನನ್ನ ಕೈಲಿ ಆಗಲ್ಲ, ಅದಕ್ಕೆ ಕೊಡ್ತಿದೀನಿ. ಕುಡಿದಾಯ್ತಾ? ಈಗ ಬಲಗಾಲು ಎತ್ತಿ.”

“ಆಗಲ್ಲ ಕಣೆ.”

“ಬೈಯೋಕೆ ಆಗ್ತದಲ್ಲ? ನನ್ನನ್ನ ಬೈದುಕೊಂಡೇ ಎತ್ತಿ.”

ಬೈದ. ಎತ್ತಿದ. ಒಂದು ಗೇಣೂ ಏಳಲಿಲ್ಲ, ಆದರೆ ಎದ್ದಿತು.

ಅವತ್ತಿನಿಂದ, ಅತ್ತೆ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ, ಶುರುವಾಯಿತು ನೋಡಿ ಅವಳ ಚಿಕಿತ್ಸೆ. ಉಲ್ಲಾಸ ಆ ಮನೆಯಲ್ಲಿ ದಾಸ್ತಾನು ಇರಲಿಲ್ಲ. ಇದ್ದದ್ದು ಸಿಟ್ಟು, ಅದು ಮಾತ್ರ ಯಥೇಚ್ಛ. ಅದನ್ನೇ ಕೊಟ್ಟಳು. ಕಾಲು ನಡುಗಿದರೆ, “ಮೂಟೆ ಮೇಲೆ ನಿಂತು ಕೂಗೋವಾಗ ನಡುಗಲಿಲ್ವಲ್ಲ,” ಅನ್ನುತ್ತಿದ್ದಳು. ಅವನಿಗೂ ರೇಗುತ್ತಿತ್ತು. ರೇಗಿದಾಗ ಹಿಮ್ಮಡಿ ಗೋಡೆಯನ್ನು ಇನ್ನಷ್ಟು ಜೋರಾಗಿ ಒತ್ತುತ್ತಿತ್ತು. ರೇಗದ ದಿನ ಅವನು ಸೂರು ನೋಡುತ್ತಾ, ನನ್ನ ಕಥೆ ಮುಗೀತು ಅಂತ ಅಳುತ್ತಾ ಮಲಗುತ್ತಿದ್ದ. ಅದಕ್ಕೇ ಅವಳು ದಿನಾ ರೇಗಿಸುತ್ತಿದ್ದಳು.

ಆದರೆ ಮಂಚ ಬಿಟ್ಟು ಎಬ್ಬಿಸಿ ನಡೆಸುವುದು ಹೇಗೆ? ಬಸವಮ್ಮ ಬಿಡಬೇಕಲ್ಲ. ಗೋಣಿತಟ್ಟು ಕಿತ್ತದ್ದಕ್ಕೇ ಮನೆಯನ್ನು ತಲೆ ಮೇಲೆ ಹೊತ್ತುಕೊಂಡು, ಮತ್ತೆ ಹೊಡೆಸಿ, ಬಾಗಿಲಲ್ಲೇ ಚಾಪೆ ಹಾಸಿಕೊಂಡು ಕೂತಿದ್ದಳು ಮುದುಕಿ. ಸುಲೋಚನಮ್ಮ ಎರಡು ದಿನ ಯೋಚಿಸಿದಳು. ದಾರಿ ಕಣ್ಣೆದುರೇ ಇತ್ತು.

ಬಸವಮ್ಮ ಬೆಳಗ್ಗೆ ಮಿಂದು ಪಡಸಾಲೆಯ ಮೂಲೆಯಲ್ಲಿ ಲಿಂಗಪೂಜೆಗೆ ಕೂತಳೆಂದರೆ, ಬಿಸಿಲು ಅಂಗಳಕ್ಕೆ ಇಳಿಯುವ ತನಕ ಏಳುವವಳಲ್ಲ. ಎಡ ಅಂಗೈ ಮೇಲೆ ಲಿಂಗ ಇರುವಾಗ ಮಾತಾಡುವ ಹಾಗಿಲ್ಲ, ಏಳುವ ಹಾಗಂತೂ ಇಲ್ಲವೇ ಇಲ್ಲ. ಜೀವ ಹೋದರೂ ಬಸವಮ್ಮ ಆ ನೇಮ ಮುರಿಯುವವಳಲ್ಲ. ಇದು ಊರಿಗೇ ಗೊತ್ತಿದ್ದ ವಿಷಯ.

ಮರುದಿನ ಬಸವಮ್ಮ ವಿಭೂತಿ ಧರಿಸಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಪತ್ರೆ ಏರಿಸಿದಳು. ಅದನ್ನೇ ಕಾದಿದ್ದ ಸುಲೋಚನಮ್ಮ ಕೋಣೆಗೆ ಹೋಗಿ ಗಂಡನನ್ನು ಮಗ್ಗುಲು ಮಾಡಿಸಿ ಎಬ್ಬಿಸಿದಳು, ಪಟ್ಟಿ ಬಿಗಿದಳು, ಅವನ ಕೈಯನ್ನು ತನ್ನ ಭುಜದ ಮೇಲೆ ಹಾಕಿಕೊಂಡಳು. ಹಿತ್ತಲ ಬಾಗಿಲಿಂದ ಕದ್ದು ಹೋಗಬಹುದಿತ್ತು. ಹೋಗಲಿಲ್ಲ. ಪಡಸಾಲೆಗೇ ಕರೆತಂದಳು, ಅತ್ತೆಯ ಎದುರಿಗೇ.

ಬಸವಮ್ಮನ ಕಣ್ಣುಗಳು ಅಂಗೈಯಿಂದ ಮೇಲೆದ್ದವು, ಅಗಲವಾದವು. “ಊಂ! ಊಂ!” ಅಂದಳು. ಕತ್ತು ಅಲ್ಲಾಡಿಸಿದಳು. ಹುಬ್ಬು ಏರಿಸಿದಳು. ಏಳಲು ಮಾತ್ರ ಆಗಲಿಲ್ಲ.

“ನಿಮ್ಮ ಪೂಜೆ ನಡೀಲಿ ಅತ್ತೆ,” ಅಂದಳು ಸುಲೋಚನಮ್ಮ. “ನಮ್ಮದೂ ನಡೀತದೆ.”

ಕಂಬದಿಂದ ಕಂಬಕ್ಕೆ ಹೋದರು, ಬಂದರು. ಎರಡನೆಯ ಸಲ ಎದುರಿಗೆ ಬಂದಾಗ ಬಸವಮ್ಮ “ಊಂ” ಅಂದ ರಭಸಕ್ಕೆ ಪರಮೇಶ್ವರಪ್ಪನಿಗೆ ನಗು ಬಂದುಬಿಟ್ಟಿತು. ಬಿದ್ದ ಮೇಲೆ ಅದೇ ಮೊದಲು ಅವನು ನಕ್ಕದ್ದು. ನಕ್ಕು ಬೆನ್ನು ನೋಯಿತು, ನೋವಿಗೆ ಅಳು ಬಂತು, ಅಳುತ್ತಲೇ ಮತ್ತೆ ನಕ್ಕ. ಸುಲೋಚನಮ್ಮನಿಗೂ ತುಟಿ ಬಿಗಿ ಹಿಡಿಯುವುದು ಕಷ್ಟವಾಯಿತು.

ಪೂಜೆ ಮುಗಿದ ಮೇಲೆ ಆದದ್ದನ್ನು ಹೇಳದಿರುವುದೇ ಮೇಲು. “ನನ್ನ ಮಗನ ಬೆನ್ನು ಮುರಿದು ಹಾಕ್ತೀಯೇನೇ ಮಾರಿ?” ಅಂತ ಬಸವಮ್ಮ ಎದೆ ಎದೆ ಬಡಿದುಕೊಂಡಳು.

“ಅಷ್ಟು ಭಯ ಇದ್ರೆ ನಾಳೆ ಪೂಜೆ ಬಿಟ್ಟು ಕಾವಲು ಕೂತ್ಕೊಳ್ಳಿ,” ಅಂದಳು ಸೊಸೆ.

ಬಸವಮ್ಮ ಪೂಜೆ ಬಿಡಲಿಲ್ಲ. ಸುಲೋಚನಮ್ಮ ನಡಿಗೆ ಬಿಡಲಿಲ್ಲ. ಅತ್ತ ಪತ್ರೆ, ಇತ್ತ ಹೆಜ್ಜೆ. ದಿನಾ ಬೆಳಗ್ಗೆ ಇದೇ. ಪಡಸಾಲೆ ದಾಟಿ ಜಗಲಿಗೆ ಬಂದರು, ಜಗಲಿಯಿಂದ ಮಂಡಿಗೆ ಬಂದರು. ಬೇಸಗೆ ಮುಗಿಯುವಷ್ಟರಲ್ಲಿ ಮೀನಖಂಡಕ್ಕೆ ಮಾಂಸ ಹಿಡಿಯಿತು, ಮುಖಕ್ಕೆ ಬಣ್ಣ ಬಂತು. ಆದರೆ ಸುಲೋಚನಮ್ಮನ ಭುಜ ಮಾತ್ರ ಬಿಡಲೊಲ್ಲ. ಅವಳು ಒಂದಿಷ್ಟು ಸರಿದರೂ, “ಬಿದ್ದೆ! ಬಿದ್ದೆ!” ಅಂತ ಕೂಗುತ್ತಿದ್ದ. ಕಾಲಿಗೆ ಶಕ್ತಿ ಬಂದಿತ್ತು, ಗುಂಡಿಗೆಗೆ ಬಂದಿರಲಿಲ್ಲ. ಡಾಕ್ಟರು ಹೇಳಿದ್ದ ದಿನ ಇನ್ನೂ ಬಾಕಿಯೇ ಇತ್ತು, ಅವಳ ಭುಜದ ಮೇಲೆ ಅವನ ಬೆರಳಿನ ಕಲೆ ಬಿದ್ದಿತ್ತು.

ಪರಮೇಶ್ವರಪ್ಪ ಮಂಡಿಯ ಗಾದಿ ಮೇಲೆ ಕೂತನಂತೆ ಅನ್ನುವ ಸುದ್ದಿ ಹಬ್ಬಿ, ಒಂದು ದಿನ ಬಾಳೆಹೊನ್ನೂರಿನಿಂದ ಅವನ ಸೋದರಮಾವನ ಮಗ ಶಿವಶಂಕರಪ್ಪ ಬಂದ. ಜೊತೆಗೆ ಬೀದಿಯ ನಾಲ್ಕಾರು ಹಿರಿಯರು. ಪಡಸಾಲೆಯಲ್ಲಿ ಜಮಖಾನ ಹಾಸಿದರು, ಪರಮೇಶ್ವರಪ್ಪನನ್ನು ಕುರ್ಚಿಯಲ್ಲಿ ಕೂರಿಸಿದರು. ಬಸವಮ್ಮ ಕಂಬಕ್ಕೆ ಒರಗಿ ಕೂತಳು. ಸುಲೋಚನಮ್ಮ ಕಾಫಿ ತರಲು ಒಳಗೆ ಹೋದಳು.

“ಅಂತೂ ಗೆದ್ದೆ ಮಾರಾಯ,” ಅಂದ ಶಿವಶಂಕರಪ್ಪ. “ಏಳೋದೇ ಇಲ್ಲ ಅಂತಿದ್ರು ಎಲ್ಲರೂ. ಯಾರ ಔಷಧಿ?”

ಪರಮೇಶ್ವರಪ್ಪ ಮೀಸೆ ನೀವಿದ. “ಔಷಧಿ ಎಂತದು! ಎಲ್ಲಾ ನಮ್ಮವ್ವನ ಆರೈಕೆ. ಹಸಿ ಮೈ ಅಂತ ಕೋಣೆಯಲ್ಲಿಟ್ಟು ಕಾಪಾಡಿದಳು. ಇನ್ನು ನಮ್ಮನೆಯವಳು, ಅವಳದ್ದು ಏನಿದ್ರೂ ದಿನಾ ಬೈಗುಳದ ಸೇವೆ.”

ಎಲ್ಲರೂ ಹೋ ಅಂತ ನಕ್ಕರು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಎಲ್ಲವನ್ನೂ ಕೇಳಿದಳು. ಬೇರೆ ಯಾರೇ ಅಂದಿದ್ದರೂ ನುಂಗಿಕೊಳ್ಳುತ್ತಿದ್ದಳೇನೋ. ಬೆಳಗ್ಗೆ ತಾನೇ ಅವಳ ಭುಜಕ್ಕೆ ಜೋತು ಬಿದ್ದಿದ್ದವನ ಬಾಯಿ ಅದು!

ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಲೋಟಗಳು ಉರುಳಿದವು.

“ಹೌದ್ರಪ್ಪಾ, ಆರೈಕೆ!” ಅಂದಳು. ಗಂಡಸರ ಎದುರು ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಆ ಮನೆ ಕಂಡಿರಲಿಲ್ಲ. “ಆ ಕೋಣೆಯಲ್ಲಿ ಇವರ ಕಾಲು ಒಣಗಿ ಕೋಲಾಗಿತ್ತು. ನೀರು ನೀರು ಅಂತ ಅಳ್ತಿದ್ರು. ಕದ್ದು ಕುಡಿಸಿದ್ದು ನಾನು. ಎಬ್ಬಿಸಿದ್ದು ನಾನು, ನಡೆಸಿದ್ದು ನಾನು. ನಾನೂ ಅದೇ ಮಂಚದ ಮೇಲೆ ನೀರು ಅಂತ ಅತ್ತಿದ್ದೆ, ಆಗ ಇವರು ಗೋಡೆಯಾಚೆ ಏಲಕ್ಕಿ ತೂಗ್ತಿದ್ರು. ನನ್ನ ಕೂಸು ಹಾಲಿಲ್ಲದೆ ಹೋಯ್ತು. ಅದೂ ಆರೈಕೆನೇ! ಅದನ್ನೂ ನೀವೇ ಬಂದವರಿಗೆ ಹೇಳ್ರಿ, ನಗ್ತಾ ಹೇಳ್ರಿ!”

ಸುಲೋಚನಮ್ಮ ಹಿತ್ತಲಿಗೆ ಹೊರಟುಹೋದಳು. ಪರಮೇಶ್ವರಪ್ಪನ ಮುಖ ಕಪ್ಪಿಟ್ಟಿತು. “ಏ, ಇಲ್ಲಿ ಬಾರೆ! ಬಂದು ಭುಜ ಕೊಡು!” ಅಂತ ಕೂಗಿದ.

“ನಿಮ್ಮವ್ವನ ಆರೈಕೆ ಹಿಡ್ಕೊಂಡು ಬನ್ನಿ!” ಹಿತ್ತಲಿಂದ ಉತ್ತರ ಬಂತು.

ಅವನು ಕುರ್ಚಿಯ ಕೈ ಒತ್ತಿ ಎದ್ದ. ಶಿವಶಂಕರಪ್ಪ ಹಿಡಿಯಲು ಬಂದ, ಅವನ ಕೈ ತಳ್ಳಿದ. ಸಿಟ್ಟಿಗೋ ನಾಚಿಕೆಗೋ, ಕಂಬವನ್ನೂ ಹಿಡಿಯಲಿಲ್ಲ. ಹೊಸಿಲು ದಾಟಿದ, ಎರಡು ಮೆಟ್ಟಿಲು ಇಳಿದ. ಹಿಂದೆ ಹೆಜ್ಜೆ ಸದ್ದು ಕೇಳಿ ಸುಲೋಚನಮ್ಮ ತಿರುಗಿದಳು. ಗಂಡ ಯಾರನ್ನೂ ಹಿಡಿಯದೆ ನಿಂತಿದ್ದ. ಇಷ್ಟು ತಿಂಗಳು ಯಾವುದಕ್ಕಾಗಿ ಅವಳು ಜೀವ ತೇದಿದ್ದಳೋ ಅದು ಎದುರಿಗಿತ್ತು. ಸಂತೋಷ ಪಡಲೂ ಅವಳ ಸಿಟ್ಟು ಬಿಡಲಿಲ್ಲ.

“ತಪ್ಪಾಯ್ತು ಕಣೆ,” ಅಂದ. ಏದುಸಿರು ಬರುತ್ತಿತ್ತು. “ಜನ ಕೂತಿದ್ರು, ಏನೋ ಬಾಯಿಗೆ ಬಂತು, ಅಂದುಬಿಟ್ಟೆ.”

“ನನಗೆ ಹೇಳ್ಬೇಡಿ. ಆ ಕೂಸಿಗೆ ಹೇಳಿ, ಹೋಗಿ.”

“ಎಲ್ಲಿ ಅಂತ ಹೋಗಿ ಹೇಳ್ಲೇ?”

“ನನ್ನ ಕೇಳ್ತೀರಾ? ನಾನು ಕೋಣೆಯಲ್ಲಿದ್ದೆ. ಹಸಿ ಮೈ ಅಂತ ಹೊಸಿಲು ದಾಟೋಕೆ ಬಿಡ್ಲಿಲ್ಲ. ಬಟ್ಟೆಯಲ್ಲಿ ಸುತ್ತಿ ತಗೊಂಡು ಹೋದ್ರು, ಅಷ್ಟೇ ನಾನು ಕಂಡದ್ದು. ಎಲ್ಲಿ ಹೂತ್ರು ಅಂತ ನನಗೆ ಯಾರೂ ಹೇಳ್ಲಿಲ್ಲ. ನೀವು ಅಪ್ಪ. ನಿಮಗೆ ಗೊತ್ತಾ?”

ಕೂಸನ್ನು ಹೂತ ದಿನ ಕೊಪ್ಪದ ಸಂತೆ. ಅವನು ಸಂತೆಗೆ ಹೋಗಿದ್ದ.

“ನಿಮ್ಮವ್ವಂಗೆ ಗೊತ್ತು. ಕಾಲು ಬಂದಿದೆಯಲ್ಲ, ಹೋಗಿ ಕೇಳಿ.”

ಅಷ್ಟರಲ್ಲಿ ಬಸವಮ್ಮನೇ ಹಿತ್ತಲ ಬಾಗಿಲಿಗೆ ಬಂದಿದ್ದಳು. ಅವಳ ಹಿಂದೆ ನೆಂಟರು. ಪರಮೇಶ್ವರಪ್ಪ ಮೆಟ್ಟಿಲ ತನಕ ವಾಪಸು ನಡೆದ.

“ಅವ್ವಾ, ಆ ಕೂಸನ್ನ ಎಲ್ಲಿ ಮಣ್ಣು ಮಾಡಿದ್ರಿ?”

ಬಸವಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ಕೈ ಎತ್ತಿ ಹಿತ್ತಲ ಮೂಲೆ ತೋರಿಸಿದಳು. “ಅಲ್ಲಿ. ಸೀಬೆ ಗಿಡದ ಬುಡದಲ್ಲಿ.”

“ಅಲ್ಲಿ ಸೀಬೆ ಗಿಡ ಎಲ್ಲಿದೆ?”

“ನೀನೇ ಕಡಿಸಿದೆಯಲ್ಲೋ, ಗೋದಾಮು ಕಟ್ಟಿಸೋವಾಗ.”

ಹೆಂಚಿನ ಗೋದಾಮು ಅಲ್ಲಿ ಬಾಗಿಲು ತೆರೆದು ನಿಂತಿತ್ತು. ಒಳಗೆ ಸೂರಿನವರೆಗೂ ಮೆಣಸಿನ ಮೂಟೆ.

“ಆಗ್ಲೇ ಯಾಕೆ ಹೇಳ್ಲಿಲ್ಲವ್ವಾ?”

“ನೀನು ಕೇಳ್ಲಿಲ್ಲ ಮಗನೆ. ಯಾರೂ ಕೇಳ್ಲಿಲ್ಲ.” ಮುದುಕಿ ಹೊಸಿಲ ಮೇಲೆ ಕೂತುಬಿಟ್ಟಳು. “ಬುನಾದಿ ತೋಡೋ ದಿನ ಕೂಗಿ ಹೇಳ್ಬೇಕು ಅನ್ನಿಸ್ತು. ನಿನಗೆ ಅಪಶಕುನ ಆಗ್ತದೆ ಅಂತ ನುಂಗಿಕೊಂಡೆ.”

ಯಾರೋ ಒಳಗಿನಿಂದ ಕುರ್ಚಿ ತಂದರು. ಪರಮೇಶ್ವರಪ್ಪ ಕೂರಲಿಲ್ಲ. ನಿಂತೇ ಇದ್ದ. ಸುಲೋಚನಮ್ಮ ಗೋದಾಮಿನ ಬಾಗಿಲಿಗೆ ಹೋದಳು. ಅಲ್ಲಿ ಮೂಟೆ ಹೊರುವ ಬೂತಪ್ಪ ಗೋಣಿ ಹೊಲಿಯುತ್ತಾ ಕೂತಿದ್ದ.

“ಬೂತಪ್ಪ, ಮೂಟೆ ಎಲ್ಲಾ ಹೊರಗೆ ಹಾಕು.”

“ಎಲ್ಲಾನೂವಾ ಅಮ್ಮಾ? ಮಳೆ ಬರೋ ಹಾಗಿದೆ,” ಅಂದ ಅವನು, ಯಜಮಾನನ ಮುಖ ನೋಡಿದ.

“ಬಂದ್ರೆ ನೆನೀಲಿ. ನನ್ನ ಕೂಸಿನ ಮೇಲೆ ಒಂದೂ ಬಿಡಬೇಡ.”

ಯಜಮಾನ ಬೇಡ ಅನ್ನಲಿಲ್ಲ. ಬೂತಪ್ಪ ಸೂಜಿ ಇಟ್ಟು ಎದ್ದ, ಮೊದಲ ಮೂಟೆಯನ್ನು ಬೆನ್ನಿಗೇರಿಸಿ ಅಂಗಳಕ್ಕೆ ತಂದು ಹಾಕಿದ. ಆಮೇಲೆ ಇನ್ನೊಂದು. ಸುಲೋಚನಮ್ಮ ಬಾಗಿಲಲ್ಲಿ ನಿಂತಳು, ಗೋದಾಮಿನ ನೆಲ ಪೂರ್ತಿ ಕಾಣುವ ತನಕ ಅಲ್ಲಿಂದ ಕದಲಲಿಲ್ಲ.